ಅತ್ತೆಯವರು ಅಮಾವಾಸ್ಯೆಯಂದು ಮುಚ್ಚಿಸಿದ ಗುಂಡಿ

ಪ್ರೀತಿಯ, ಹಾಗೂ ಈಚೆಗೆ ಸ್ವಲ್ಪ ಭಯವನ್ನೂ ಹುಟ್ಟಿಸುತ್ತಿರುವ ಅತ್ತೆಯವರಿಗೆ,

ಯಳಂದೂರಿನಿಂದ ನಿಮ್ಮ ಅಳಿಯ ಮಣಿಕಂಠ ತಲೆಬಾಗಿ ಬರೆಯುವುದು. ಫೋನ್ ಇದ್ದೂ ಪತ್ರವೇಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ಯಾರಾದರೂ ನಿಮ್ಮನ್ನು ಹೊಗಳಲು ಶುರುಮಾಡಿದರೆ ಸಾಕು, ‘ಸುಮ್ಕಿರಪ್ಪ, ಒಲೆ ಮ್ಯಾಲೆ ಆಲು ಮಡ್ಗಿವ್ನಿ’ ಎಂದು ಇಟ್ಟುಬಿಡುತ್ತೀರಿ. ನಿಮ್ಮ ಮನೆಯಷ್ಟು ಹಾಲು ಕಾಯುವ ಮನೆ ಕೊಳ್ಳೇಗಾಲದಲ್ಲಿ ಇನ್ನೊಂದಿಲ್ಲ. ಪತ್ರವನ್ನಾದರೆ ನೀವು ಕೊನೆಯವರೆಗೂ ಓದಲೇಬೇಕು. ಕಾಗದ ದಂಡವಾಗುವುದನ್ನು ನೀವು ಸಹಿಸುವವರಲ್ಲ.

ಮೂವತ್ತೆಂಟು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯ್ದ ನಿಮ್ಮ ಮಂಡಿಗಳು, ಮಾವನವರು ತೀರಿಕೊಂಡ ಮರುವರ್ಷವೇ ರಾಜೀನಾಮೆ ಕೊಟ್ಟವು. ಐವತ್ತಾರನೇ ವಯಸ್ಸಿನಲ್ಲಿ ನೀವು ಆಟೊ ಕಲಿತಿರಿ. ನೇಕಾರರ ಮನೆಗಳಿಗೆ ನೂಲು ಮುಟ್ಟಿಸಿ, ಅಂಗಡಿಗಳಿಗೆ ಸೀರೆ ಸಾಗಿಸಲು ಒಂದು ಬ್ಯಾಟರಿ ಆಟೊ ಗೊತ್ತುಮಾಡಿದಿರಿ. ಮಾರುವವನದು ಒಂದೇ ಕರಾರು: ಮೂರು ತಿಂಗಳೊಳಗೆ ಮನೆಯಲ್ಲೊಂದು ಗ್ಯಾರೇಜು, ಅದರಲ್ಲಿ ಸರಿಯಾದ ಅರ್ಥಿಂಗ್ ಇರುವ ಚಾರ್ಜಿಂಗ್ ಲೈನು ಆಗಿರಬೇಕು, ಇಲ್ಲವಾದರೆ ಆಟೊ ಸರದಿಯಲ್ಲಿರುವ ಮುಂದಿನವರ ಪಾಲು. ಆಟೊ ಹೋದರೇನು, ನಮ್ಮ ಮನೆಗೆ ಬಂದಿರಿ ಎಂದು ನಾನೂ ನಿಮ್ಮ ಮಗಳು ಚೈತ್ರಳೂ ಕರೆದೆವು. ‘ಅಳೀನ್ ಮನೇಲಿ ಮೂರ್ ದಿನ ನೆಂಟ್ರು ಕನಪ್ಪ, ನಾಕ್ನೇ ದಿನ್ದಿಂದ ಸಾಮಾನು’ ಎಂದಿರಿ. ಅಲ್ಲಿಗೆ ಆ ಮಾತು ಮುಗಿಯಿತು.

ಹೀಗಾಗಿ ಕಂಟ್ರಾಕ್ಟರ್ ಮಹದೇವಪ್ರಸಾದರ ಶುಭಾಗಮನವಾಯಿತು. ಕರೆತಂದ ಪಾಪಿ ನಾನೇ. ಗೋಡೆಗೆ ಕೆಂಪು ಬೆಳಕು ಬಿಟ್ಟು ಅಳತೆ ಹೇಳುವ ಯಂತ್ರ ಅವರ ಕೈಯಲ್ಲಿತ್ತು. ಗೋಡೆ, ಶೀಟು, ಷಟರು ಒಂದು ರೇಟು, ಎಲೆಕ್ಟ್ರಿಕ್ ಕೆಲಸ ಬೇರೆ ರೇಟು ಎಂದರು. ಕಾಫಿಗೆ ಮುಂಚೆ ಮೂವತ್ತೆರಡು ಸಾವಿರವಿದ್ದ ಆ ಬೇರೆ ರೇಟು ಕಾಫಿ ಮುಗಿಯುವ ಹೊತ್ತಿಗೆ ನಲವತ್ತೆಂಟಾಗಿತ್ತು. ಚೈತ್ರ ಎರಡನೇ ಲೋಟ ತರುತ್ತಿದ್ದವಳು ಬಾಗಿಲಲ್ಲೇ ಹಿಂದಕ್ಕೆ ತಿರುಗಿದಳು. ಎರಡು ಲೈಟು, ಒಂದು ಫ್ಯಾನು, ಒಂದು ಚಾರ್ಜಿಂಗ್ ಸಾಕೆಟ್ಟಿಗೆ ಅಷ್ಟೇಕೆ ಎಂದು ನೀವು ಒಂದೊಂದನ್ನೇ ಬಿಡಿಸಿ ಕೇಳತೊಡಗಿದಾಗ ಅವರಿಗೆ ಸೆಕೆಯಾಯಿತು. ‘ಎಂಗಸ್ರಿಗೆ ಯಾಕಮ್ಮ ಕರೆಂಟಿನ್ ಇಚಾರ? ಶಾಕ್ ಒಡುದ್ರೆ?’ ಎಂದರು. ‘ನೀ ರೇಟ್ ಏಳ್ದಾಗ್ಲೇ ಒಡೀತಲ್ಲಪ್ಪ, ಬದ್ಕಿಲ್ವಾ?’ ಎಂದಿರಿ ನೀವು. ಅವರು ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು ಹೊರಟದ್ದನ್ನು ನಾನು ಕಣ್ಣಾರೆ ಕಂಡೆ.

ಗೋಡೆ, ಶೀಟು ಗಾರೆಯವರಿಗೆ ಬಿಟ್ಟಿರಿ. ವೈರಿಂಗ್ ನಾನೇ ಮಾಡ್ತೀನಿ ಎಂದಿರಿ. ಅತ್ತೆ, ಆ ದಿನ ನಾನು ನಕ್ಕೆ. ಮುಖದ ಮೇಲೆ ಟವೆಲ್ ಹಿಡಿದು ನಕ್ಕಿದ್ದರಿಂದ ನಿಮಗೆ ಕಾಣಲಿಲ್ಲ ಎಂದುಕೊಂಡಿದ್ದೆ. ‘ನಕ್ಕೊ, ನಕ್ಕೊ. ಮಗ್ಗಕ್ಕೆ ನಾಕ್ ಸಾವ್ರ ಎಳೆ ಆಸು ಹೂಡ್ದೋಳ್ಗೆ ಮೂರ್ ವೈರು ಯಾವ್ ಮಾತು?’ ಎಂದು ನೀವು ಬೆನ್ನು ತಿರುಗಿಸಿಕೊಂಡೇ ಹೇಳಿದಾಗ ಟವೆಲ್ ಕೆಳಗಿಟ್ಟೆ.

ಆಮೇಲೆ ಎಂಟು ಭಾನುವಾರ ಹನೂರಿನ ಬಸ್ಸು ಹತ್ತಿ, ಅಲ್ಲಿಂದ ರಾಮಾಪುರಕ್ಕೆ ಹೋಗಿ, ಲೈಸೆನ್ಸ್ ಇರುವ ಹಳೆಯ ಎಲೆಕ್ಟ್ರಿಶಿಯನ್ ಜಡೇಸ್ವಾಮಿಯವರ ಬಳಿ ಪಾಠ ಹೇಳಿಸಿಕೊಂಡಿರಿ. ಪೈಪು ಕೂರಿಸುವುದು, ವೈರು ಎಳೆಯುವುದು ನಿಮ್ಮದು. ಪರೀಕ್ಷೆ ಮಾಡಿ ಸಹಿ ಹಾಕುವುದು, ಅಲ್ಲಿಯವರೆಗೆ ಕರೆಂಟು ಮುಟ್ಟದಂತೆ ಕಾಯುವುದು ಅವರದು. ಪೈಪಿನೊಳಗೆ ನೀವು ವೈರು ಹಾಯಿಸುವುದನ್ನು ನೋಡಿದ್ದೇನೆ. ಬೆರಳ ತುದಿಯಲ್ಲಿ ಅದರ ಬಿಗಿ ನೋಡುತ್ತೀರಿ. ಎಲ್ಲಿ ತೊಡಕಿತು ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಪ್ರತಿ ವೈರಿನ ಎರಡು ತುದಿಗೂ ಒಂದೇ ಬಣ್ಣದ ರೇಷ್ಮೆ ಎಳೆ ಕಟ್ಟಿ ಗುರುತು ಮಾಡಿದಿರಿ. ಜಡೇಸ್ವಾಮಿಯವರು ಕನ್ನಡಕ ಹಾಕಿ, ಕನ್ನಡಕ ತೆಗೆದು, ಅರ್ಧ ಗಂಟೆ ನಿಮ್ಮ ಬೋರ್ಡಿನಲ್ಲಿ ತಪ್ಪು ಹುಡುಕಿದರು. ಕೊನೆಗೆ ಸಡಿಲವಾಗಿದ್ದ ಒಂದು ಸ್ಕ್ರೂ ಸಿಕ್ಕಿದಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ಹೇಗೆ ವರ್ಣಿಸಲಿ!

ಇನ್ನು ಉಳಿದದ್ದು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಗುಂಡಿ. ಇಲ್ಲಿ ನಿಮ್ಮ ಅಳಿಯನ ಪ್ರತಿಭೆಯ ಪ್ರವೇಶ. ಎಂಟಡಿ ಗುಂಡಿ ಸಿದ್ಧವಾಗಿತ್ತು. ಸಾಮಾನು ತರುವ ಕೆಲಸವೊಂದೇ ನನ್ನದು. ನನಗೆ ರಜೆ ಸಿಕ್ಕಿದ್ದು ಅಮಾವಾಸ್ಯೆಯಂದು. ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳಲ್ಲಿ ಜನ ಬಾಗಿಲಿಗೆ ಜೋತುಬಿದ್ದಿದ್ದ ಆ ದಿನ, ಹಾಡಹಗಲು, ನಾನು ಒಂದು ಮೂಟೆ ಕಲ್ಲುಪ್ಪು, ಒಂದು ಮೂಟೆ ಇದ್ದಿಲು, ಫಳಫಳ ಹೊಳೆಯುವ ಒಂದು ತಾಮ್ರದ ತಗಡು ತಂದು ಪಕ್ಕದ ಮನೆಯ ಗೋಡೆಯ ಮೂಲೆಗೆ ಜೋಡಿಸಿಟ್ಟೆ. ಜಡೇಸ್ವಾಮಿಯವರು ಬಿಸಿಲಿಗೆ ಬಳಲಿ ಆರು ನಿಂಬೆಹಣ್ಣು ಹಿಂಡಿಸಿ ಪಾನಕ ಕುಡಿದರು. ಹೋಳುಗಳನ್ನು ನಾನೇ ಗುಂಡಿಯ ಸುತ್ತ ಎಸೆದೆ. ಬೇರೆ ಊರಿನವರು ಅದನ್ನು ಕಸ ಎನ್ನುತ್ತಿದ್ದರು. ಆದರೆ ಮಾಟ-ಮಂತ್ರ ಎಂದರೆ ನಾಡೆಲ್ಲ ಬೆರಳು ತೋರಿಸುವುದು ಯಾವ ಊರಿನ ಕಡೆಗೆ ಎಂಬುದನ್ನು, ಆ ಊರಿನ ಅಳಿಯನಾಗಿಯೂ ನಾನು ಮರೆತಿದ್ದೆ.

ನೀವು ತಗಡನ್ನು ಗುಂಡಿಗಿಳಿಸಿ, ಉಪ್ಪು ಇದ್ದಿಲು ಪದರಪದರವಾಗಿ ಸುರಿಸಿ, ಮೇಲೆ ನೀರು ಹುಯ್ಯುವ ಹೊತ್ತಿಗೆ ಪಕ್ಕದ ಮನೆಯ ಚಿಕ್ಕನಿಂಗಮ್ಮ ಅಂಗಳದಲ್ಲಿ ನಿಂತು ಬೀದಿ ಸೇರಿಸಿದರು. ‘ಅಮಾಸೆ ದಿನ, ನನ್ ಗ್ವಾಡೆ ಮೂಲ್ಗೆ ತಾಮ್ರದ್ ತಗ್ಡು ಊಳ್ತಾವ್ಳೆ ಕಣ್ರಪ್ಪೋ! ಗಂಡನ್ ತಿಂದೋಳು ಈಗ ನಮ್ಮನ್ನೂ ತಿಂತಾಳೆ!’ ಆಗ ವಿದ್ಯಾವಂತನಾದ ನಾನು ಮುಂದೆ ಬಂದು ವಿಜ್ಞಾನ ತಿಳಿಸಿದೆ: ‘ಹಾಗಲ್ಲಮ್ಮ, ಕೆಟ್ಟ ಕರೆಂಟು ಏನಾದರೂ ಬಂದರೆ ಈ ಗುಂಡಿಯಿಂದ ಭೂಮಿಗೆ ಇಳಿದುಹೋಗುತ್ತದೆ.’ ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡರು. ‘ಕೇಳುದ್ರಾ! ಅವ್ನೇ ಒಪ್ಕಂಡ! ಕೆಟ್ಟದ್ದ ಇಳ್ಸ್‌ತಾವ್ರಂತೆ, ನನ್ ಮನೆ ತಾವ!’

ಕಂಬದಿಂದ ನಿಮ್ಮ ಗ್ಯಾರೇಜಿಗೆ ತಂತಿ ಬರಲು ಆಕೆಯ ಗೋಡೆಯ ಮೇಲೊಂದು ಕ್ಲಾಂಪು ಹೊಡೆಯಬೇಕಿತ್ತು. ಮೊದಲೇ ಒಪ್ಪಿದ್ದ ಆಕೆ ಈಗ ‘ನನ್ ಎಣ ಬಿದ್ರೂ ಬುಡಾಕಿಲ್ಲ’ ಎಂದರು. ಆಟೊ ಮಾರುವವನ ಗಡುವಿಗೆ ಒಂಬತ್ತೇ ದಿನವಿತ್ತು. ಬೀದಿಯ ಹೆಂಗಸರು ನಿಮ್ಮನ್ನು ಕಂಡರೆ ಮಕ್ಕಳನ್ನು ಒಳಗೆ ಕರೆಯತೊಡಗಿದರು. ನಾನು ವಕೀಲರನ್ನು ನೋಡೋಣ ಎಂದೆ. ನೀವು ನಾಲ್ಕು ದಿನ ಗ್ಯಾರೇಜಿನಲ್ಲೇ ಸ್ಕ್ರೂ ಬಿಗಿಮಾಡುತ್ತ ಕಳೆದಿರಿ. ಐದನೆಯ ದಿನ ತಲೆ ಬಾಚಿಕೊಂಡು ಆಕೆಯ ಮನೆಗೇ ಹೊರಟಿರಿ. ನಾನು ರಕ್ಷಣೆಗೆಂದು ಹಿಂದೆ ಬಂದೆ. ಎಷ್ಟು ಹಿಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಜಗಳಕ್ಕೆ ಹೋಗಿದ್ದೀರಿ ಎಂದುಕೊಂಡಿದ್ದೆ. ನೀವು ಹೊಸಿಲ ಹೊರಗೇ ನಿಂತು ಕೇಳಿದ್ದು ಒಂದೇ ಮಾತು: ‘ನಿಂಗಮ್ಮ, ನೀನು ಸುಮ್‌ಸುಮ್ಕೆ ಎದ್ರೋಳಲ್ಲ. ನಿನ್ ಮನೇಲಿ ಏನಾಗದೆ, ಏಳು.’

ಆ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ಅತ್ತುಬಿಟ್ಟರು. ಮೂರು ವರ್ಷದಿಂದ ಬಚ್ಚಲ ನಲ್ಲಿ ಮುಟ್ಟಿದರೆ ಮೈ ಜುಮ್ಮೆನ್ನುತ್ತದಂತೆ. ಯಾರೋ ಮಾಟ ಮಾಡಿಸಿದ್ದಾರೆ ಎಂದು ತಾಯಿತ ಕಟ್ಟಿಸಿ, ಬೆಟ್ಟಕ್ಕೆ ಹರಕೆ ಹೊತ್ತರೂ ಹೋಗಲಿಲ್ಲ. ಹಿಂದಿನ ತಿಂಗಳು ಮೊಮ್ಮಗಳು ನಲ್ಲಿ ಹಿಡಿದವಳು ಬಿದ್ದೇಬಿಟ್ಟಿದ್ದಳು. ನೀವು ಬಚ್ಚಲೊಳಗೆ ಹೋಗಿ ನಲ್ಲಿಗೆ ಟೆಸ್ಟರ್ ಇಟ್ಟಿರಿ. ಅದು ಕೆಂಪಗೆ ಉರಿಯಿತು. ಒಂದು ಕ್ಷಣವೂ ತಡೆಯದೆ ಮೇನ್ ಸ್ವಿಚ್ ಇಳಿಸಿದಿರಿ. ‘ಜಡೇಸ್ವಾಮಣ್ಣ ಬರೋಗಂಟ ಯಾರೂ ಇದ ಎತ್ಬ್ಯಾಡಿ’ ಎಂದಿರಿ. ಸಂಜೆಯೊಳಗೆ ಅವರು ಬಂದು ನೋಡಿದರು: ನೀರು ಕಾಯಿಸುವ ಗೀಸರಿನೊಳಗೆ ಕರೆಂಟು ಸೋರುತ್ತಿತ್ತು, ಆ ಮನೆಗೆ ಅರ್ಥಿಂಗೇ ಇರಲಿಲ್ಲ. ಕನ್ನಡಕ ತೆಗೆದು ಆ ಮಗುವಿನ ತಲೆ ಸವರಿದರು.

ಮರುದಿನ ಬೆಳಿಗ್ಗೆ ಚಿಕ್ಕನಿಂಗಮ್ಮ ತಮ್ಮ ಮನೆಗೂ ಅಂಥದೇ ಗುಂಡಿ ತೋಡಿಸಿದರು. ನನ್ನನ್ನು ಉಪ್ಪು ತರಲು ಕಳಿಸಲಿಲ್ಲ; ಊರು ಪಾಠ ಕಲಿತಿತ್ತು. ಅದೇ ಮಧ್ಯಾಹ್ನ ಕ್ಲಾಂಪಿಗೆ ಗೋಡೆ ಕೊರೆಯುವಾಗ ಏಣಿ ಹಿಡಿದವರೂ ಆಕೆಯೇ.

ಗಡುವಿಗೆ ಮುಂಚೆಯೇ ಲೈನ್ ಬಂತು; ಆ ದಿನ ಮೊದಲ ಸ್ವಿಚ್ ಒತ್ತಲು ಮನೆಯ ಏಕೈಕ ಅಳಿಯನನ್ನು ಕರೆಯುತ್ತೀರೆಂದು ನಾನು ಅಂಗಿ ಸರಿಮಾಡಿಕೊಂಡೆ. ನೀವು ಪಕ್ಕದ ಮನೆಯತ್ತ ಕೂಗಿದಿರಿ. ‘ಬ್ಯಾಡ ಕನವ್ವ, ನಾ ಆಡುದ್ ಮಾತ್ಗೆ ನನ್ ನಾಲ್ಗೆ ಸೇದೋಗ್ಲಿ’ ಎಂದು ಚಿಕ್ಕನಿಂಗಮ್ಮ ಬಾಗಿಲಲ್ಲೇ ನಿಂತರು. ‘ನಾಲ್ಗೆ ಇಚಾರ ಆಮೇಲ್ ನೋಡ್ಕಳವ, ಈಗ ಬೆಳ್ಳು ತತ್ತಾ ಇಲ್ಲಿ’ ಎಂದು ಕೈ ಹಿಡಿದು ಒಳಗೆ ಕರೆದುಕೊಂಡಿರಿ. ಆಕೆಯ ಬೆರಳನ್ನು ನೀವೇ ಸ್ವಿಚ್ಚಿನ ಮೇಲಿಟ್ಟಿರಿ. ದೀಪ ಹತ್ತಿತು. ಇಬ್ಬರೂ ಆ ಬೆಳಕಿನಲ್ಲಿ ಕೈ ಬಿಡದೆ ನಿಂತಿದ್ದಿರಿ. ನಗಿಸಲು ಏನೋ ಹೇಳಬೇಕೆಂದಿದ್ದ ನಾನು, ಅತ್ತೆ, ಟವೆಲ್ ಹುಡುಕಿಕೊಂಡು ಹೋದೆ.

ಅತ್ತೆಯನ್ನು ಅಳಿಯ ಹರಸುವ ಪದ್ಧತಿ ಇಲ್ಲ. ಆದರೂ ಕಾಗದದ ಮೇಲಿರುವ ಧೈರ್ಯದಲ್ಲಿ ಹರಸುತ್ತಿದ್ದೇನೆ: ಹನೂರಿನ ತಿರುವುಗಳಲ್ಲಿ ನಿಮಗೆ ಎದುರು ಬರುವ ಡ್ರೈವರುಗಳಿಗೆ ಬುದ್ಧಿಯಿರಲಿ, ನಿಮ್ಮ ಮೂರು ಗಾಲಿಗಳನ್ನೂ ಎರಡು ಮಂಡಿಗಳನ್ನೂ ಮಾದಪ್ಪ ಕಾಯಲಿ.

ನಿಮ್ಮ ಮಗಳ ಗಂಡನೆಂದು ಹೇಳಿಕೊಳ್ಳಲು ಈಗೀಗ ಜಂಬಪಡುವ,
ಮಣಿಕಂಠ