ಎರಡು ಬೆರಳು ಹತ್ತಿರ

ಸೋಮವಾರ, ಮಾರ್ಚ್ ಹನ್ನೊಂದು
ಊಟದ ಬಿಡುವಿನಲ್ಲಿ

ನಮ್ಮ ಮನೆಯವರಿಗೆ,

ಮನೆಯಲ್ಲೇ ಇಲ್ಲದ ಮನುಷ್ಯನನ್ನು ಹೀಗೆ ಕರೆಯುವುದು ಸರಿಯೋ ತಪ್ಪೋ ಗೊತ್ತಿಲ್ಲ, ಬೇರೆ ರೀತಿ ಕರೆದು ನನಗೆ ಅಭ್ಯಾಸವಿಲ್ಲ. ನಾನು ಚೆನ್ನಾಗಿದ್ದೇನೆ. ಹೀಗೆ ಬರೆದರೆ ನೀವು ನಂಬಿಬಿಡುತ್ತೀರಿ, ನಿಮ್ಮ ತೊಂದರೆಯೇ ಅದು. ವಿಳಾಸ ಕೊಟ್ಟವಳು ನಿಮ್ಮ ತಂಗಿ. ಅವಳ ಮೇಲೆ ರೇಗಬೇಡಿ. ಮೂರು ಸಲ ಆಗುವುದಿಲ್ಲ ಅಂದಳು, ನಾಲ್ಕನೆಯ ಸಲ ಅವಳೇ ಅತ್ತು ಬರೆದುಕೊಟ್ಟಳು.

ಮೂರು ವರ್ಷದ ಮೇಲೆ ಬರೆಯುತ್ತಿರುವುದು ನಿಮ್ಮ ಹಸಿರು ಕಾರಿನ ವಿಷಯಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಅದರ ಬ್ರೇಕ್ ವಿಪರೀತ ಬಿಸಿಯಾಗುತ್ತಿದೆ.

ಕಣ್ಣಾಸ್ಪತ್ರೆಯ ಕೆಲಸಕ್ಕೆ ನಾನು ಮೊನ್ನೆಮೊನ್ನೆಯವರೆಗೂ ಅದರಲ್ಲೇ ಹೋಗುತ್ತಿದ್ದೆ. ಎಂಟು ಕಿಲೋಮೀಟರಿನಲ್ಲಿ ಮೊದಲ ನಾಲ್ಕು ಸಲೀಸಾಗಿ ಓಡುತ್ತದೆ. ಆಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಭಾರವಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಇಳಿದು ಚಕ್ರದ ಒಳಗಿನ ಬ್ರೇಕ್ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಚುರ್ ಅನ್ನುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ರಂಪ ಮಾಡಿ ಆಮೇಲೆ ಏನೂ ಗೊತ್ತಿಲ್ಲದವಳಂತೆ ಕಾಫಿ ತಂದಿಡುವ ನನ್ನ ಹಾಗೆಯೇ ಎಂದು ನೀವು ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಹೊಸದಾಗಿ ಕಾರು ರಿಪೇರಿಯ ಶೆಡ್ ಹಾಕಿದ್ದಾರೆ. ಗೊಣಗಪ್ಪ ಎಂದು ನಾನೇ ಹೆಸರಿಟ್ಟಿದ್ದೇನೆ. ಹಳೆಯ ಕಾರು ಕಂಡರೆ ಜೀವ ಬಿಡುತ್ತಾರೆ, ಅದರ ಜೊತೆ ಬಂದವರನ್ನು ಕಂಡರೆ ಗೊಣಗುತ್ತಾರೆ. ಮೊದಲು, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಬಿಗಿಯಾಗಿ ಉಜ್ಜುತ್ತಿದೆ ಎಂದು ಸಡಿಲ ಮಾಡಿದರು. ಎರಡು ದಿನ ತೆಪ್ಪಗಿದ್ದು ಮತ್ತೆ ಶುರು. ಆಮೇಲೆ, ಹ್ಯಾಂಡ್ ಬ್ರೇಕಿನ ಕೇಬಲ್ ಎಳೆದುಕೊಂಡಿರಬೇಕು ಅಂದರು. ಅದು ಹಿಂದಿನ ಚಕ್ರಗಳಿಗೆ ಮಾತ್ರ ಅಲ್ಲವೇ, ಮುಂದಿನವೂ ಸುಡುತ್ತಿವೆಯಲ್ಲ ಎಂದು ಕೇಳಿದೆ. ನೀವೇ ಇಲ್ ಕೂತ್ಕೊಂಡು ರಿಪೇರಿ ಮಾಡಿ, ನಾನ್ ಹೋಗಿ ಜನರ ಕಣ್ ಟೆಸ್ಟ್ ಮಾಡ್ತೀನಿ ಅಂದರು. ಒಂದು ವಾರ ನಾಲ್ಕೂ ಡ್ರಮ್ ಬಿಚ್ಚಿ, ಶೂವನ್ನು ವಾಪಸ್ ಎಳೆಯುವ ಸ್ಪ್ರಿಂಗುಗಳನ್ನೆಲ್ಲ ಹೊಸದಾಗಿ ಹಾಕಿದರು. ಇನ್ನೊಂದು ವಾರ, ಬ್ರೇಕಿನ ಎಣ್ಣೆ ಹೋಗುವ ರಬ್ಬರ್ ಪೈಪುಗಳು ಒಳಗೇ ಊದಿಕೊಂಡು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿಲ್ಲ ಎಂದು ಅವನ್ನೂ ಬದಲಾಯಿಸಿದರು. ಏನು ಮಾಡಿದರೂ ಅಷ್ಟೇ.

ಒಂದು ಮಾತು ಹೇಳಿಬಿಡುತ್ತೇನೆ, ನಗಬೇಡಿ. ಆ ದೋಷ ಬೇಗ ಸಿಗದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ದಿನವಿಡೀ ಎಲ್ಲರೂ ನನ್ನೊಡನೆ ಆಡುವ ಮಾತೆಂದರೆ ಬೋರ್ಡಿನ ಮೇಲಿನ ಅಕ್ಷರಗಳು ಮಾತ್ರ. ಮನೆಗೆ ಬಂದರೆ ರೇಡಿಯೋ ಮಾತಾಡುತ್ತದೆ, ನಾನು ಹೂಂಗುಟ್ಟುತ್ತೇನೆ. ಅಡುಗೆಗೆ ಉಪ್ಪು ಹೆಚ್ಚಾದರೂ ಮುಖ ಸಿಂಡರಿಸಲು ಎದುರಿಗೆ ಒಬ್ಬರಿಲ್ಲ. ಸಂಜೆ ಶೆಡ್ಡಿನ ಮುರುಕು ಸ್ಟೂಲಿನ ಮೇಲೆ ಕೂತು ಆ ಮೇಸ್ತ್ರಿಯ ಕೈಲಿ ಬೈಸಿಕೊಳ್ಳುವ ಹೊತ್ತೇ ನನಗೆ ದಿನದ ದೊಡ್ಡ ಸಮಾಧಾನವಾಗಿತ್ತು. ಕಾರು ಸರಿಯಿದ್ದ ದಿನವೂ ಎರಡು ಸಲ ಸುಮ್ಮನೆ ಹೋಗಿ, ಏನೋ ಸದ್ದು ಬರುತ್ತಿದೆ ಎಂದು ಹೇಳಿ ಕೂತಿದ್ದೇನೆ.

ಹೋದ ತಿಂಗಳ ಕೊನೆಗೆ ಮೇಸ್ತ್ರಿ ಬೇರೆ ಉಪಾಯ ಮಾಡಿದರು. ಬ್ರೇಕ್ ಹಿಡಿದುಕೊಂಡಿರುವಾಗಲೇ ತನ್ನಿ, ತಣ್ಣಗಾದ ಮೇಲೆ ತಂದು ನನ್ ಜೀವ ತಿನ್ಬೇಡಿ ಅಂದರು. ಬೇಕೆಂದೇ ಊರೆಲ್ಲ ಸುತ್ತಿಸಿ, ಹೊಗೆ ಬರುವ ಹೊತ್ತಿಗೆ ಶೆಡ್ಡಿಗೆ ನುಗ್ಗಿಸಿದೆ. ಜಾಕ್ ಕೊಟ್ಟು ಎತ್ತಿದರೆ ಚಕ್ರ ಕೈಯಲ್ಲಿ ತಿರುಗಲೊಲ್ಲದು. ಚಕ್ರದ ಹಿಂದೆ ಬ್ರೇಕ್ ಪೈಪಿನ ಗಾಳಿ ತೆಗೆಯುವ ತಿರುಪನ್ನು ಒಂದಿಷ್ಟು ಸಡಿಲಿಸಿದರು. ಎಣ್ಣೆ ಚಿಮ್ಮಿತು, ಚಕ್ರ ಬುಗುರಿಯಂತೆ ತಿರುಗಿತು. ಪೆಡಲ್ ತುಳಿಯದಿದ್ದರೂ ಎಣ್ಣೆಯ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಎಂದು ಆಗ ಗೊತ್ತಾಯಿತು. ಅವರು, ಬ್ರೇಕ್ ಕೆಡುವ ಮೊದಲು ಏನೇನು ಬದಲಾಯಿಸಿದ್ದಿರಿ ಎಂದು ಕೇಳಿದರು. ಎಣ್ಣೆ ಸೋರುತ್ತಿತ್ತೆಂದು ಎರಡು ತಿಂಗಳ ಹಿಂದೆ ಬೇರೆ ಕಡೆ, ಪೆಡಲ್ ತುಳಿದಾಗ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೊಸದು ಹಾಕಿಸಿದ್ದೆ, ಹೇಳಿದೆ. ಇಷ್ಟ್ ದಿನ ಬಾಯಲ್ಲಿ ಏನ್ ಇಟ್ಕೊಂಡಿದ್ರಿ ಅಂತ ಬೈದು, ಟಾರ್ಚ್ ಹಿಡಿದು ಪೆಡಲಿನ ಬುಡಕ್ಕೆ ತಲೆ ತೂರಿಸಿದರು.

ಅಲ್ಲಿಂದಲೇ ಕೂಗಿದರು, ಯಾರ್ರೀ ಇಲ್ಲಿ ಕೈ ಹಾಕಿದ್ದು?

ನಾನೂ ಬಗ್ಗಿ ನೋಡಿದೆ. ಪೆಡಲಿನಿಂದ ಸಿಲಿಂಡರಿಗೆ ಹೋಗುವ ಕಡ್ಡಿಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಒಂದು ಉಕ್ಕಿನ ತುಂಡು ಜೋಡಿಸಿತ್ತು. ಪೆಡಲ್ ಬಂದು ನಿಲ್ಲುವ ತಡೆಯನ್ನೂ ಅಷ್ಟೇ ಹಿಂದಕ್ಕೆ ಸರಿಸಲು ಇನ್ನೊಂದು ಬಿಲ್ಲೆ. ಹಳೆಯ ಸಿಲಿಂಡರಿಗೆ ಆ ಅಳತೆ ಸರಿಯಾಗಿ ಕೂತಿತ್ತು. ಹೊಸದಕ್ಕೆ ಒಂದು ಎಳೆಯಷ್ಟು ಹೆಚ್ಚಾಗಿ, ಕಾಲು ತೆಗೆದ ಮೇಲೂ ಕಡ್ಡಿ ಒತ್ತಿಕೊಂಡೇ ಇರುತ್ತಿತ್ತು. ನಾಲ್ಕೂ ಚಕ್ರ ಸುಡುತ್ತಿದ್ದುದು ಅದಕ್ಕೇ. ಯಾವನೋ ಲೇತಿನಲ್ಲಿ ಕಡೆದು ಮಾಡಿದ್ದಾನೆ, ಕೆಲಸ ಬಲ್ಲವನು, ಆದರೆ ಬುದ್ಧಿ ಇಲ್ಲ, ಪೆಡಲನ್ನ ಎರಡು ಬೆರಳು ಸೀಟಿನ ಕಡೆಗೆ ತಂದಿದ್ದಾನಲ್ಲ, ಯಾರ ಕಾಲಿಗೆ ಅಂತ ಅವರು ಗೊಣಗಿದರು. ನನಗೆ ಗೊತ್ತಿಲ್ಲ ಅಂದೆ.

ಗೊತ್ತಿಲ್ಲದೆ ಏನು! ಯಾರೂ ನೋಡದ ಜಾಗದಲ್ಲಿ ಕೂತಿದ್ದರೂ ಆ ತುಂಡಿನ ಅಂಚನ್ನೆಲ್ಲ ಉಜ್ಜಿ ನಯ ಮಾಡಿತ್ತು. ಇಪ್ಪತ್ತೆಂಟು ವರ್ಷ ಲೇತಿನ ಮುಂದೆ ನಿಂತ ನಿಮ್ಮ ಕೈ ನನಗೆ ತಿಳಿಯದೇ?

ನನ್ನ ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದ ದಿನ ನೆನಪಿದೆಯಲ್ಲ? ನಾನು ಹಾಸಿಗೆಯಲ್ಲಿ, ನೀವು ಕಾರಿನಲ್ಲಿ. ಮಧ್ಯಾಹ್ನದಿಂದ ಸಂಜೆಯವರೆಗೆ ಹೊರಗೆ ಬರೀ ಕಾಲು ಕಾಣುತ್ತಿತ್ತು. ಆ ಮಾತನ್ನೇ ಹಿಡಿದು ನಾನು ವರ್ಷಗಟ್ಟಲೆ ಚುಚ್ಚಿದೆ. ಹೆಂಡತಿಗಿಂತ ನಿಮಗೆ ಆ ತಗಡೇ ಹೆಚ್ಚು, ನನಗೋಸ್ಕರ ಅಂತ ಮಾಡಿದ್ದು ಒಂದನ್ನಾದರೂ ತೋರಿಸಿ ಎಂದು ನೆಂಟರ ಮುಂದೆಯೂ ಹಂಗಿಸಿದೆ. ಕೊನೆಯ ಸಲ ಹಾಗಂದಾಗ ನೀವು ಕೈ ಒರೆಸಿಕೊಂಡು, ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಮಾರನೆಯ ಬೆಳಗ್ಗೆ ಹೊರಟುಬಿಟ್ಟಿರಿ.

ಮೊದಲೆಲ್ಲ ಪೆಡಲ್ ಎಟುಕದೆ ನಾನು ಬೆನ್ನಿಗೆ ದಿಂಬು ಕೊಟ್ಟುಕೊಂಡು ಓಡಿಸುತ್ತಿದ್ದೆ. ಆಪರೇಷನ್ ಆದ ಮೇಲೆ ದಿಂಬು ಬೇಕಾಗಲೇ ಇಲ್ಲ, ಕಾಲು ಚಾಚಿದರೆ ಹೊಲಿಗೆ ಎಳೆಯಲೂ ಇಲ್ಲ. ಮೈ ಬೇಗ ಸುಧಾರಿಸಿತು ಎಂದು ಬೀಗಿದೆ. ಊರವರ ಕಣ್ಣು ಪರೀಕ್ಷೆ ಮಾಡುವವಳು ನಾನು, ಐದು ವರ್ಷ ನನ್ನ ಕಾಲ ಕೆಳಗೇ ಇದ್ದದ್ದನ್ನು ನೋಡಲಿಲ್ಲ.

ತಪ್ಪು ನನ್ನದು. ಆದರೆ ನಿಮ್ಮ ಮೇಲೂ ನನಗೆ ಸಿಟ್ಟಿದೆ. ಅಷ್ಟು ಅನ್ನಿಸಿಕೊಳ್ಳುವಾಗ ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಒಂದೇ ಮಾತಾಡಿದ್ದರೆ ಈ ಮೂರು ವರ್ಷ ನಾವಿಬ್ಬರೂ ಬೇರೆ ಬೇರೆ ಊರಲ್ಲಿ ಒಬ್ಬೊಬ್ಬರೇ ಕೂತು ಉಣ್ಣಬೇಕಿರಲಿಲ್ಲ. ನನಗೆ ತುಂಬಾ ಬೇಸರವಾಗಿದೆ. ಹೀಗೆ ನೇರವಾಗಿ ಬರೆದದ್ದು ಇದೇ ಮೊದಲು.

ಈಗ ಮೇಸ್ತ್ರಿ ಆ ತುಂಡನ್ನು ತೆಗೆದುಹಾಕುತ್ತೇನೆ ಅನ್ನುತ್ತಿದ್ದಾರೆ. ನಾನು ಬಿಟ್ಟಿಲ್ಲ. ಕಾರು ಶೆಡ್ಡಿನಲ್ಲೇ ನಿಂತಿದೆ, ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಮಾಡಿದವರೇ ಬಂದು ಸರಿಮಾಡಿದರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅವಸರವೇನಿಲ್ಲ. ಸ್ವಲ್ಪ ಅವಸರವಿದೆ.

ಇಂತಿ,
ನಿಮ್ಮ ಗಿಡ್ಡಿ

ತಾ.ಕ.: ಕಾರು ಇನ್ನೂ ಕೆಟ್ಟು ನಿಂತಿದೆ ಎಂದು ಬರೆದದ್ದು ಸುಳ್ಳು. ತುಂಡು ತೆಗೆಯಕೂಡದೆಂದು ನಾನು ಹಟ ಹಿಡಿದೆ, ಮೇಸ್ತ್ರಿ ಗೊಣಗುತ್ತಲೇ ಕಡ್ಡಿಯ ನಟ್ಟನ್ನು ಎರಡು ಸುತ್ತು ತಿರುಗಿಸಿ ಕೂದಲೆಳೆಯಷ್ಟು ಸಂದು ಬಿಟ್ಟರು. ಹತ್ತು ನಿಮಿಷದ ಕೆಲಸ. ಪೆಡಲ್ ನೀವು ಇಟ್ಟಲ್ಲೇ ಇದೆ. ದೂರ ಓಡಿಸಿ ನೋಡಿ ಅಂದರು. ನಿನ್ನೆ ಭಾನುವಾರ ತೊಂಬತ್ತು ಕಿಲೋಮೀಟರ್ ಓಡಿಸಿಕೊಂಡು ನಿಮ್ಮ ಬೀದಿಗೆ ಬಂದು, ತಿರುವಿನಲ್ಲಿ ನಿಲ್ಲಿಸಿದ್ದೆ. ನೀವು ತರಕಾರಿ ಚೀಲ ಹಿಡಿದು ಬಂದಿರಿ. ಮೆಟ್ಟಿಲ ಬುಡದಲ್ಲಿ ಗೋಡೆಗೆ ಕೈಕೊಟ್ಟು ಸುಧಾರಿಸಿಕೊಂಡಿರಿ. ಬಹಳ ತೆಳ್ಳಗಾಗಿದ್ದೀರಿ. ಮೂರು ವರ್ಷದಿಂದ ಯಾರನ್ನೂ ‘ರೀ’ ಎಂದು ಕರೆದಿಲ್ಲ, ಸ್ಟೀರಿಂಗ್ ಹಿಡಿದೇ ಕೂತಿದ್ದೆ. ನೀವು ಹತ್ತಿ ಹೋದ ಮೇಲೆ ಇಳಿದು ನಾಲ್ಕೂ ಡ್ರಮ್ ಮುಟ್ಟಿ ನೋಡಿದೆ, ಕೈ ಇಡುವಷ್ಟು ತಣ್ಣಗಿದ್ದವು. ವಾಪಸ್ ಬಂದೆ. ಮುಂದಿನ ಭಾನುವಾರ ಹತ್ತು ಗಂಟೆಗೆ ಮತ್ತೆ ಬರುತ್ತೇನೆ, ಬಾಗಿಲಲ್ಲೇ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆಯುತ್ತೇನೆ. ಇಳಿದು ಬರುವುದು ಬಿಡುವುದು ನಿಮ್ಮಿಷ್ಟ. ಬರದಿದ್ದರೆ, ಅದರ ಮುಂದಿನ ಭಾನುವಾರ ನಾನೇ ಮೆಟ್ಟಿಲು ಹತ್ತುತ್ತೇನೆ.