ಪಪ್ಪನ ಟ್ಯೂನಿನ ಮೂರನೆಯ ಭಾಗ

ಜನವರಿ 3, ಶನಿವಾರ. ಬೆಳಿಗ್ಗೆ 7.10

ಚಹಾ, ಎರಡು ರಸ್ಕ್, ಪಪ್ಪನ ವಯಲಿನ್‌ಗೆ ಹೊಸ ತಂತಿ. ದುಬೈ ಅಲ್ ಕುಸೈಸಿನ ಈ ಫ್ಲ್ಯಾಟಿನ ಎಸಿಗೆ ಶ್ರುತಿ ನಿಲ್ಲುವುದೇ ಇಲ್ಲ. ಮಗಳು ಅನ್ನಾಳ ರೋಸ್ ಶಾಸ್ತ್ರಕ್ಕೆ ಇನ್ನು ಇಪ್ಪತ್ತು ದಿನ. ಮದುವೆಯ ಮುನ್ನಾ ದಿನ ತೆಂಗಿನ ಹಾಲು ಹಚ್ಚುವಾಗ ನಮ್ಮ ಮನೆಯಲ್ಲಿ ಒಂದೇ ಟ್ಯೂನ್ — ಪಪ್ಪ ಕಟ್ಟಿದ್ದು. ಪಪ್ಪ ಹೋಗಿ ಒಂಬತ್ತು ವರ್ಷ. ಈ ಸಲ ನಾನೇ ನುಡಿಸಬೇಕು.

ಚರ್ಚ್ ಕ್ವಾಯರಿನ ಗೆಳೆಯ ಡಿಕ್ಸನ್ ಹಾಡಿನ ಪುಸ್ತಕ ಅಚ್ಚು ಹಾಕಿಸುತ್ತಿದ್ದಾನೆ. ನೋಟೇಶನ್ ಮೇಲೆ ‘ರಚನೆ: ಲಾಜರಸ್ ಪಾಯ್ಸ್’ ಎಂದು ಬರೆದೆ. ಅಮ್ಮನಿಗೆ, ನಮ್ಮ ಮಾಯ್‌ಗೆ, ತೋರಿಸಿದೆ. ಕನ್ನಡಕ ಹಾಕಿ ನೋಡಿದಳು, ಏನೋ ಹೇಳಲು ಹೋದಳು, ರಸ್ಕ್ ಅದ್ದಿಕೊಂಡಳು.

ಜನವರಿ 7, ಬುಧವಾರ. ಲಂಚ್ ಬ್ರೇಕ್

ಆಸ್ಪತ್ರೆಯ ಕ್ಯಾಂಟೀನ್. ಪಪ್ಪನ ಟ್ಯೂನ್ ಗುನುಗುತ್ತಿದ್ದೆ. ಎದುರಿಗೆ ಫಿಸಿಯೋ ನೋರಾ. ಐರ್ಲೆಂಡಿನವಳು, ಅವಳೂ ವಯಲಿನ್ ನುಡಿಸುತ್ತಾಳೆ. ಚಮಚದಲ್ಲಿ ತಾಳ ಹಾಕಿ ಮುಂದಿನ ಸಾಲು ತಾನೇ ಗುನುಗಿದಳು.

“ನಮ್ಮ ರೀಲ್ ನಿನಗೆ ಎಲ್ಲಿ ಸಿಕ್ಕಿತು, ಮಾರ್ಸೆಲ್?”

ರೀಲ್ ಅಂದರೆ ಅವರ ಊರಿನ ಕುಣಿತದ ಟ್ಯೂನಂತೆ. ನೂರು ವರ್ಷ ದಾಟಿದೆಯಂತೆ. ಪುಸ್ತಕ ಅಚ್ಚಿಗೆ ಹೋಗುವುದು ಹದಿನಾರಕ್ಕೆ... ಮಾಯ್‌ಗೆ ಏನು ಹೇಳಲಿ?

ಜನವರಿ 9, ಶುಕ್ರವಾರ. ಸಂಜೆ

ಹಾಫ್ ಡೇ. ನೋರಾ ಕಳಿಸಿದ್ದು ಮೂರು ರೆಕಾರ್ಡಿಂಗ್, ಎರಡು ಹಳೆಯ ಪುಸ್ತಕಗಳ ಸ್ಕ್ಯಾನ್. ಒಂದು ಗ್ರಾಮೋಫೋನ್ ತಟ್ಟೆ — ಕರಕರ ಸದ್ದಿನ ಹಿಂದೆ ವಯಲಿನ್, ಥೇಟ್ ಪಪ್ಪನ ಕೈ. ಒಂದು ಕ್ಯಾಸೆಟ್ಟಿನಿಂದ ಇಳಿಸಿದ ಕೊಳಲು. ಇನ್ನೊಂದು ಯಾರದೋ ಅಡುಗೆಮನೆಯಲ್ಲಿ ಹಿಡಿದದ್ದು, ಮಧ್ಯೆ ನಾಯಿ ಬೊಗಳುತ್ತದೆ. ಹೆಸರೂ ಒಂದೊಂದು ಕಡೆ ಒಂದೊಂದು. ಒಂದು ಪುಸ್ತಕದಲ್ಲಿ ‘ಉದ್ದದ ಹಡಗುಕಟ್ಟೆ’, ಇನ್ನೊಂದರಲ್ಲಿ ‘ಪಾದ್ರಿಯ ಕತ್ತೆ’. ಕಟ್ಟಿದವರ ಹೆಸರು ಎಲ್ಲೂ ಇಲ್ಲ.

ಪಪ್ಪ ಸುಳ್ಳು ಹೇಳಿದರೇ? ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ‘ನಾನು ಕಟ್ಟಿದ್ದು’ ಎಂದು ಅವರು ಯಾವತ್ತೂ ಹೇಳಿದ್ದಿಲ್ಲ. ಹಾಗೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು ನಾವು.

ಜನವರಿ 11, ಭಾನುವಾರ

ನೋರಾಳ ಗೆಳೆಯರು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಸೇರಿ ನುಡಿಸುತ್ತಾರೆ. ಇಪ್ಪತ್ತೆರಡನೇ ಮಹಡಿ. ನಾನೂ ವಯಲಿನ್ ಹಿಡಿದು ಹೋದೆ. ಎರಡು ಭಾಗ ಎಲ್ಲರೂ ಒಟ್ಟಿಗೆ. ಅವರು ತಿರುಗಿ ಮೊದಲಿಗೆ ಹೋದರು, ನಾನೊಬ್ಬ ಅಭ್ಯಾಸಬಲದಿಂದ ಮುಂದಕ್ಕೆ — ಮೂರನೆಯ ಭಾಗಕ್ಕೆ.

ಎಲ್ಲರೂ ನಿಲ್ಲಿಸಿದರು. “ಅದೇನು? ಇನ್ನೊಮ್ಮೆ ನುಡಿಸು,” ಎಂದಳು ನೋರಾ.

ಅಂಥದ್ದು ಅವರ ಯಾರ ಬಳಿಯೂ ಇಲ್ಲ. ಮನೆಗೆ ಬಂದು ಮೂರು ರೆಕಾರ್ಡಿಂಗ್, ಎರಡು ಪುಸ್ತಕ ಮತ್ತೆ ನೋಡಿದೆ. ಎಲ್ಲದರಲ್ಲೂ ಎರಡೇ ಭಾಗ. ಅಂದರೆ ಮೂರನೆಯದಾದರೂ ಪಪ್ಪನದು! ಒಬ್ಬನೇ ಕೂತು ಹಲ್ಲು ಕಿರಿಯುತ್ತಿದ್ದೆ. ಹೆಂಡತಿ ಎಲ್ಸಿ ಹಣೆ ಮುಟ್ಟಿ ನೋಡಿದಳು.

ಜನವರಿ 15, ಗುರುವಾರ. ಸಂಜೆ 6.30

ಇವತ್ತು ರೋಸ್ ಹಾಲಿನ ಟ್ರಯಲ್. ಪ್ಯಾಕೆಟ್ ಪುಡಿ ಮಾಯ್‌ಗೆ ಆಗದು. ಊರಿನಿಂದ ಲಗೇಜಿನಲ್ಲಿ ತಂದ ಹೆರೆಮಣೆ ಮೊದಲ ಸಲ ಹೊರಗೆ ಬಂತು. ಕಾಯಿ ಹೆರೆಯುತ್ತಾ ಮಾಯ್ ಗುನುಗತೊಡಗಿದಳು. ನಿಧಾನ, ಕೈಯ ಎಳೆತಕ್ಕೆ ಸರಿಯಾಗಿ. ಮೂರನೆಯ ಭಾಗ.

“ಮಾಯ್, ಅದು ಯಾರದ್ದು?”

“ಯಾರದ್ದು ಅಂದ್ರೆ? ನನ್ನದೇ. ಹೆರೆಯುವಾಗ ಕೈಗೆ ಒಂದು ಲಯ ಬೇಕಲ್ಲ ಮಾರಾಯ.”

“ಮೊದಲಿನ ಎರಡು?”

“ಅದು ಪಪ್ಪ ಅಬುಧಾಬಿ ಪೋರ್ಟಿನಲ್ಲಿದ್ದಾಗ ಒಬ್ಬ ಐರಿಶ್ ಫೋರ್ಮನ್ ಕಲಿಸಿದ್ದು. ರಜೆಗೆ ಬಂದವರು ಹೊರಗೆ ಕೂತು ನುಡಿಸುವುದು, ನಾನು ಒಳಗೆ ಹೆರೆಯುವುದು. ನನ್ನದನ್ನು ಎತ್ತಿ ಅದರ ಬಾಲಕ್ಕೆ ಕಟ್ಟಿದ್ರು. ನನಗೆ ಖುಷಿಯೇ ಆಯ್ತು.”

“ಐವತ್ತು ವರ್ಷ ಯಾಕೆ ಹೇಳಲಿಲ್ಲ?”

“ಯಾರೂ ಕೇಳ್ಲಿಲ್ಲ,” ಎಂದು ಇನ್ನೊಂದು ಕಡಿ ಎತ್ತಿಕೊಂಡಳು.

ನಾಚಿಕೆಯಾಯಿತು. ಐರ್ಲೆಂಡಿನ ನಾಯಿ ಬೊಗಳಿದ್ದನ್ನೂ ಕಿವಿಗೊಟ್ಟು ಕೇಳಿದವ ನಾನು.

ಜನವರಿ 16, ಶುಕ್ರವಾರ

ಡಿಕ್ಸನ್‌ಗೆ ಫೋನ್. ಹೊಸ ಸಾಲು: ‘ಐರ್ಲೆಂಡಿನ ಹಳೆಯ ರೀಲ್. ಮೂರನೆಯ ಭಾಗ: ಡೆಲ್ಫಿನ್ ಪಾಯ್ಸ್. ಜೋಡಿಸಿದವರು: ಲಾಜರಸ್ ಪಾಯ್ಸ್.’

“ನಿನ್ನ ಮಾಯ್ ಕಂಪೋಸರ್ ಆದದ್ದು ಯಾವಾಗ ಮಾರಾಯ?”

“ನಾನು ಹುಟ್ಟುವ ಮೊದಲೇ. ಯಲ್ಲಾ, ಬೇಗ ಅಚ್ಚಿಗೆ ಕಳಿಸು.”

ಮಾಯ್ ಬೈದಳು. “ನನ್ನ ಹೆಸರೆಲ್ಲ ಎಂತಕ್ಕೆ? ಜನ ನಗ್ತಾರೆ.” ಪ್ರೂಫ್ ಹಾಳೆ ಮೇಜಿನ ಮೇಲಿತ್ತು, ಆಮೇಲೆ ಕಾಣಲಿಲ್ಲ. ಮಡಚಿ ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ ಎಂದು ಎಲ್ಸಿ ಪಿಸುಗುಟ್ಟಿದಳು.

ಜನವರಿ 23, ಶುಕ್ರವಾರ. ಸಂಜೆ 5.40, ಹಾಲ್‌ನಲ್ಲಿ

ಎರಡೇ ನಿಮಿಷ. ಅನ್ನಾ ಮಣೆಯ ಮೇಲೆ ಕೂತಾಯಿತು. ನೋರಾ ವಯಲಿನ್ ತಂದಿದ್ದಾಳೆ, ಸೀರೆಯನ್ನೂ ಉಟ್ಟಿದ್ದಾಳೆ. ಹಾಲಿನ ಪಾತ್ರೆ ಮಾಯ್ ಕೈಯಲ್ಲಿ. ಈಗಷ್ಟೇ ಬಂದು ಕಿವಿಯಲ್ಲಿ ಹೇಳಿಹೋದಳು —

“ಮೂರನೆಯದನ್ನು ನೀನು ಓಡಿಸ್ತೀ. ಪಪ್ಪನೂ ಹಾಗೆಯೇ. ಅಷ್ಟು ಬೇಗ ಯಾರಿಗೆ ಹೆರೆಯಲಿಕ್ಕೆ ಆಗ್ತದೆ? ಇವತ್ತು ನನ್ನ ಲೆಕ್ಕಕ್ಕೆ ನುಡಿಸು.”

ಆಯಿತು ಎಂದೆ. ಕಮಾನಿಗೆ ರಾಳ ಉಜ್ಜಬೇಕು. ಮೊದಲು ನೋರಾಳದ್ದು, ಆಮೇಲೆ —

ಅನ್ನಾ ಕೂಗುತ್ತಿದ್ದಾಳೆ: “ಡ್ಯಾಡಿ, ಕಮ್ ಫಾಸ್ಟ್, ಅಜ್ಜಿ ಹ್ಯಾಸ್ ಸ್ಟಾರ್ಟೆಡ್.” ಹೌದು, ಕೇಳುತ್ತಿದೆ. ನಮ್ಮ ಎರಡು ಭಾಗಕ್ಕೆ ಕಾಯದೆ ಮಾಯ್ ಆಗಲೇ ತನ್ನ ಮೂರನೆಯದನ್ನು ಗುನುಗತೊಡಗಿದ್ದಾಳೆ.