ಹುಲ್ಲಿನ ಚಳಿಗಾಲ

ಜೆಮೈತಿಯಾ ಸೀಮೆ, ಲಿಥುವೇನಿಯಾ
ಕ್ರಿ.ಶ. 2193, ಹಿಮ ಬೀಳದ ಎಪ್ಪತ್ತೊಂದನೇ ವರ್ಷ, ಮಾರ್ಚ್ ಹನ್ನೊಂದು

ನನಗಿಂತ ಎಷ್ಟೋ ತಲೆಮಾರು ಹಿಂದಿರುವ ಹಿರಿಯರಿಗೆ ನೀಲಾಂಬಿಕೆಯ ನಮಸ್ಕಾರಗಳು.

ನನ್ನ ಕನ್ನಡ ವಿಚಿತ್ರವೆನಿಸಿದರೆ ಮನ್ನಿಸಬೇಕು. ಧಾರವಾಡದಿಂದ ದಾದಿಯಾಗಿ ಈ ದೇಶಕ್ಕೆ ಬಂದ ಹಿರಿಯಳೊಬ್ಬಳಿಂದ ಇದು ನಮ್ಮ ಮನೆಯೊಳಗೇ ಉಳಿದುಕೊಂಡು ಬಂದಿದೆ. ಕೆಲವು ಮಾತು ನಾವೇ ಕಟ್ಟಿಕೊಂಡವು. ಜನವರಿಯಲ್ಲಿ ಹತ್ತು ದಿನ ಬೀಸುವ ಒದ್ದೆಗಾಳಿಗೆ ‘ಹುಸಿಚಳಿ’ ಎನ್ನುತ್ತೇವೆ. ಚಳಿ ಕಾಣದ ಸೇಬಿನ ಗಿಡ ಫಲ ಕೊಡುವುದಿಲ್ಲವೆಂದು ಸಸಿಗಳನ್ನು ಯಂತ್ರದಿಂದ ತಂಪಾಗಿಸಿದ ‘ಚಳಿಮನೆ’ಯಲ್ಲಿ ಎರಡು ತಿಂಗಳು ಮಲಗಿಸುತ್ತೇವೆ. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಹನ್ನೆರಡು ಬಗೆಯ ಊಟಕ್ಕೆ ಸೊಳ್ಳೆಪರದೆ ಕಟ್ಟಿಕೊಂಡು ಕೂರುತ್ತೇವೆ. ಸಂಪ್ರದಾಯದಂತೆ ಮೇಜಿನ ಬಟ್ಟೆಯ ಕೆಳಗೆ ಹರಡಿದ ಒಣಹುಲ್ಲು ಊಟ ಮುಗಿಯುವಷ್ಟರಲ್ಲಿ ಮುಗ್ಗಲು ವಾಸನೆ ಹೊಡೆಯುತ್ತದೆ.

ನಾನು ಹೇಳಬೇಕಾದದ್ದು ಫೆಬ್ರವರಿಯ ಉಜ್ಗಾವೆನೆಸ್ ಹಬ್ಬದ ಸಂಗತಿ. ಚಳಿಗಾಲವನ್ನು ಓಡಿಸುವ ಹಬ್ಬವದು. ಮೇಕೆಯ, ದೆವ್ವದ ಮುಖವಾಡ ತೊಟ್ಟ ಮಕ್ಕಳು ಮನೆಮನೆಗೆ ಹೋಗಿ ದೋಸೆಯಂಥ ಸಿಹಿ ರೊಟ್ಟಿ ತಿನ್ನುತ್ತಾರೆ. ಕೊನೆಗೆ ಎಲ್ಲರೂ ಸೇರಿ ಚಳಿಗಾಲದ ಗುರುತಾದ ಹುಲ್ಲಿನ ಹೆಂಗಸನ್ನು ಸುಡುತ್ತಾರೆ. ಅವಳ ಹೆಸರು ಮೋರೆ. ಮುಖವೆಂದಾಗುವ ನಮ್ಮ ಕನ್ನಡದ ಮೋರೆಗೂ ಅದಕ್ಕೂ ಸಂಬಂಧವಿಲ್ಲ. ಈ ವರ್ಷ ಬೆಂಕಿ ಇಡುವ ಸರದಿ ನನ್ನದಾಗಿತ್ತು.

ಪಂಜು ಹಿಡಿದು ಸರೋವರದ ದಂಡೆಗೆ ಹೋದರೆ ನನ್ನ ಅತ್ತೆ ಬಿರೂಟೆ ಆ ಗೊಂಬೆಯ ಮುಂದೆ ಕೈ ಅಗಲಿಸಿ ನಿಂತಿದ್ದರು. ಎಂಬತ್ತಾರರ ಮುದುಕಿ. ಊರಲ್ಲಿ ಹಿಮ ಕಂಡವರೆಂದು ಉಳಿದಿದ್ದದ್ದು ಅವರೊಬ್ಬರೇ. ಬೇರೆಯವರಿಗೆ ತಿಳಿಯದಿರಲೆಂದೋ ಏನೋ, ನನ್ನಿಂದ ಕಲಿತ ಕನ್ನಡದಲ್ಲೇ ಕೇಳಿದರು:

“ಯಾರನ್ನ ಓಡಸ್ತಿ, ನೀಲಾ? ಆಕಿ ಹೋಗಿ ಎಪ್ಪತ್ತು ವರ್ಷ ಆತು.”

“ಹುಡುಗರು ಕಾಯಾಕತ್ತಾರ, ಅತ್ತಿ. ಆಟ ಇದು. ಸ್ವಲ್ಪ ಸರೀರಿ.”

“ಸುಡಬ್ಯಾಡ. ಈ ಹುಲ್ಲಿನಾಕಿನರ ಇರ್ಲಿ.”

ಜನರೆಲ್ಲ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ತೋಳು ಹಿಡಿದು ಅವರನ್ನು ಪಕ್ಕಕ್ಕೆ ಸರಿಸಿದೆ. ತೀರ ಹಗುರವಾಗಿದ್ದರು. ಬೆಂಕಿ ಇಟ್ಟೆ. “ಚಳಿಯೇ ಚಳಿಯೇ, ಅಂಗಳ ಬಿಟ್ಟು ಓಡು” ಎಂದು ಮಕ್ಕಳು ಕೂಗಿದರು. ಬೆವರಿನಲ್ಲಿ ತೊಯ್ದು ನಿಂತಿದ್ದ ನಾನೂ ಕೂಗಿದೆ.

ಮೂರನೇ ದಿನ ಅತ್ತೆಗೆ ಕೆರೆಜ್ವರ ಬಂತು. ಸೊಳ್ಳೆಯಿಂದ ಹರಡುವ ಈ ಜ್ವರ ಮೊದಲು ಈ ನಾಡಿನಲ್ಲಿ ಇರಲಿಲ್ಲವಂತೆ. ಕಿಟಕಿ ತೆರೆಯಿರಿ, ಹೊರಗೆ ಹಿಮ ಬಿದ್ದಿರಬೇಕು ಎಂದು ಕನವರಿಸಿದರು. ತೆರೆದೆವು. ಬೆಚ್ಚನೆಯ ಮಳೆ ಸುರಿಯುತ್ತಿತ್ತು. ಒಂಬತ್ತನೇ ದಿನ ತೀರಿಕೊಂಡರು. ಹಿಂದೆಲ್ಲ ಫೆಬ್ರವರಿಯಲ್ಲಿ ಗೋರಿ ತೋಡಲು ನೆಲದ ಮೇಲೆ ಬೆಂಕಿ ಹಾಕಿ ಮಣ್ಣು ಸಡಿಲಿಸಬೇಕಿತ್ತಂತೆ. ನಮ್ಮ ಗುದ್ದಲಿ ಬೆಣ್ಣೆಗೆ ಇಳಿದಂತೆ ಇಳಿಯಿತು.

ಅವರಲ್ಲಿ ಕ್ಷಮೆ ಕೇಳಲಿಲ್ಲ. ಜ್ವರ ಇಳಿಯಲಿ ಎಂದು ಕಾದೆ. ಮಗಳು ಈವಾ ಮುಂದಿನ ವರ್ಷಕ್ಕೆಂದು ಈಗಲೇ ಮುಖವಾಡ ಕೆತ್ತುತ್ತಿದ್ದಾಳೆ. ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಅವಳ ಪಾಲಿಗಿರುವ ಚಳಿಗಾಲ ಅದೊಂದೇ.

ನಿಮ್ಮ ಕಾಲದಲ್ಲಿ ಇಲ್ಲಿಯ ಸರೋವರಗಳು ಇನ್ನೂ ಹೆಪ್ಪುಗಟ್ಟುತ್ತವೆಂದು ಓದಿದ್ದೇನೆ. ಉಳಿಸಿಕೊಡಿ ಎಂದು ನಿಮ್ಮನ್ನು ಕೇಳಿ ಫಲವಿಲ್ಲ. ನೀವು ಉಳಿಸಲಿಲ್ಲವೆಂದು ನಾನು ಬಲ್ಲೆ. ಇದೊಂದನ್ನು ಮಾತ್ರ ನಡೆಸಿಕೊಡಿ. ಆ ನೀರ್ಗಲ್ಲಿನ ಮೇಲೆ ಯಾರಾದರೂ ನಡೆದು, ಅದು ಕಾಲಡಿಯಲ್ಲಿ ಎಂಥ ಸದ್ದು ಮಾಡುತ್ತದೆಂದು ಬರೆದಿಡಿ. ಅತ್ತೆಯನ್ನು ಕೇಳಬೇಕೆಂದು ಇಷ್ಟು ವರ್ಷ ನನಗೆ ಹೊಳೆಯಲೇ ಇಲ್ಲ.

ನಿಮ್ಮ ಕುಡಿ,
ನೀಲಾಂಬಿಕೆ